ದೊಡ್ಡವ್ವನ ಕೌದಿಯ ಮೇಲೊಂದು ಕ್ಯಾಮೆರಾ

ನನ್ನ ಕೈಚೀಲವನ್ನು ಯಾರಾದರೂ ಬೋರಲು ಹಾಕಿದರೆ ಮೊದಲು ಬೀಳುವುದು ಒಂದು ಕರೀ ವಯರು. ಅದರ ಹಿಂದೆ ತಲೆನೋವಿನ ಮುಲಾಮು, ಸೀಮೆಸುಣ್ಣದ ತುಂಡು, ಬಸ್ಸಿನ ಹಳೆಯ ಟಿಕೆಟ್ಟು, ಅರ್ಧ ತಿಂದಿಟ್ಟ ಶೇಂಗಾ ಚಿಕ್ಕಿ. ಮೊನ್ನೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಚಿಲ್ಲರೆ ಹುಡುಕುವಾಗ ಹೀಗೇ ಆಯಿತು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ವಯರನ್ನು ಎತ್ತಿ ಕೊಟ್ಟಳು.

"ಟೀಚರ್, ನಿಮ್ಮ ಚಾರ್ಜರ್ ಬಿತ್ತು ನೋಡ್ರಿ."

"ಚಾರ್ಜರ್ ಅಲ್ರೀ ಅದು, ಕ್ಯಾಮೆರಾಕ್ಕ ಹಚ್ಚೋ ವಯರು."

"ಕ್ಯಾಮೆರಾ ಎಲ್ಲೈತ್ರಿ?"

"ಮನ್ಯಾಗ ಐತ್ರಿ."

"ಮತ್ತ ವಯರ್ ಒಂದs ಯಾಕ ಹೊತ್ಕೊಂಡ್ ಅಡ್ಡಾಡ್ತೀರಿ?"

ನ್ಯಾಯವಾದ ಪ್ರಶ್ನೆ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು, ಆಕೆ ಸೆರಗು ಸಿಕ್ಕಿಸಿಕೊಂಡು ಹತ್ತಿಯೇ ಬಿಟ್ಟಳು. ಉತ್ತರ ನನ್ನ ಬಾಯಲ್ಲೇ ಉಳಿಯಿತು. ಹಾಗೆ ಉಳಿದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಆದ್ದರಿಂದ ಈಗ ನೀವು ಸಿಕ್ಕಿದ್ದೀರಿ, ಸ್ವಲ್ಪ ಕೂತುಕೊಳ್ಳಿ.

ನನಗೊಂದು ಚಟವಿದೆ, ವಯರು ಸದಾ ಚೀಲದಲ್ಲಿರುವುದೂ ಅದರಿಂದಲೇ. ಎರಡು ವಸ್ತು ಕಂಡರೆ ಸಾಕು, ಒಂದಕ್ಕೊಂದು ಜೋಡಿಸಿ ನೋಡಬೇಕು. ಚಿಕ್ಕವಳಿದ್ದಾಗ ಅಪ್ಪನ ರೇಡಿಯೊ ಸರಿಯಾಗಿ ಕೇಳುತ್ತಿರಲಿಲ್ಲ. ಅದರ ಏರಿಯಲ್ಲಿಗೆ ಒಂದು ತಂತಿ ಸುತ್ತಿ, ಆ ತಂತಿಯ ಇನ್ನೊಂದು ತುದಿಯನ್ನು ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಗೆ ಕಟ್ಟಿದೆ. ರೇಡಿಯೊ ಗಂಟಲು ಬಿಟ್ಟು ಹಾಡಿತು. ಆದರೆ ಅವ್ವ ಒದ್ದೆ ಸೀರೆ ತಂದು ಹರವಿದಳೆಂದರೆ ವಾರ್ತೆ ಓದುವವರ ದನಿ ಬಾವಿಗೆ ಬೀಳುತ್ತಿತ್ತು. ಅಪ್ಪ ಒಳಗಿನಿಂದ "ಸೀರಿ ತಗೀರಿ, ವಾರ್ತಾ ಮುಗಿಯೂತನಕ" ಎಂದು ಕೂಗುವುದು, ಅವ್ವ "ನಿಮ್ಮ ವಾರ್ತಾ ಉಟ್ಕೊಂಡು ಅಡ್ಡಾಡಲೇನು" ಎನ್ನುವುದು ನಮ್ಮ ಮನೆಯ ಸಂಜೆಯ ಕಾರ್ಯಕ್ರಮವಾಗಿತ್ತು. ವಿಜ್ಞಾನದ ಶಿಕ್ಷಕಿಯಾಗಲು ಇಷ್ಟು ಅರ್ಹತೆ ಸಾಕೆಂದು ನನಗೆ ಆಗಲೇ ಅನಿಸಿತ್ತು.

ದೊಡ್ಡವಳಾದ ಮೇಲೆ ಆ ಚಟಕ್ಕೆ ತಕ್ಕ ಜೊತೆ ಸಿಕ್ಕಿದ್ದು ಲಿನಕ್ಸು. ಅದು ಕಂಪ್ಯೂಟರನ್ನು ನಡೆಸುವ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬಿಚ್ಚಿ ಒಳಗೆ ನೋಡಬಹುದು, ತಿದ್ದಬಹುದು. ನನ್ನ ಹಳೆಯ ಲ್ಯಾಪ್‌ಟಾಪು ಉಸಿರು ಎಳೆಯುತ್ತಿದ್ದಾಗ ಅದರಲ್ಲಿ ಲಿನಕ್ಸ್ ಹಾಕಿದೆ, ಎದ್ದು ಕೂತಿತು. ಶಾಲೆಯಲ್ಲಿ ಜೊತೆಯ ಶಿಕ್ಷಕರೊಬ್ಬರು, "ಮೇಡಂ, ಪುಕ್ಕಟೆ ಸಿಗೋದ್ರಾಗ ಏನರೆ ಒಂದ್ ಐಬು ಇರ್ತೈತ್ರಿ" ಎಂದರು. ಐಬು ಇರುವುದು ನಿಜ. ಆದರೆ ಆ ಐಬನ್ನು ನಾನೇ ಕೂತು ಹುಡುಕಬಹುದಲ್ಲ, ಆ ಸುಖ ಅವರಿಗೆ ತಿಳಿಯಲಿಲ್ಲ.

ಇನ್ನು ಕ್ಯಾಮೆರಾ. ಸಿಂಧನೂರಿನಲ್ಲಿ ನನಗೆ ಪರಿಚಯದ ಸ್ಟುಡಿಯೊದವರೊಬ್ಬರು ಇದ್ದಾರೆ. ಮೊದಲು ಭತ್ತದ ಸುಗ್ಗಿ ಮುಗಿದ ಮೇಲೆ ಮದುವೆಗಳ ಫೋಟೊ ತೆಗೆಯುತ್ತಿದ್ದರು, ಈಗ ಮದುವೆಗಳ ಮೇಲೆ ಡ್ರೋನು ಹಾರಿಸುತ್ತಾರೆ. ಅವರ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕ್ಯಾಮೆರಾವನ್ನು ಕಂಡು ನಾನು ನಿಂತೇಬಿಟ್ಟೆ. "ಒಯ್ರಿ ಮೇಡಂ, ನಮಗೇನು ಬೇಕಾಗಿಲ್ಲ. ಇದರ ಲೆನ್ಸ್ ಮಾತ್ರ ಚಲೋ ಐತಿ, ದೂರ ನಿಂತು ಮದುಮಗಳ ಕೈಯಾಗಿನ ಉಂಗುರದ ಹಳ್ಳು ಎಣಿಸಬಹುದು" ಎಂದು ಕೊಟ್ಟು ಕಳಿಸಿದರು. ವಯರು ಕೂಡ ಅವರೇ ಕೊಟ್ಟಿದ್ದು.

ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ಆಯಿತಲ್ಲ, ಇದರಲ್ಲೇನು ದೊಡ್ಡಸ್ತಿಕೆ ಎಂದು ನೀವು ಕೇಳಬಹುದು. ಒಳಗಿರುವ ಚಿತ್ರಗಳನ್ನು ಇಳಿಸಿಕೊಳ್ಳುವುದು ಸುಲಭ. ನನಗೆ ಬೇಕಾಗಿದ್ದು ಬೇರೆ. ಕ್ಯಾಮೆರಾ ಏನು ನೋಡುತ್ತಿದೆಯೋ ಅದು ಆ ಕ್ಷಣದಲ್ಲೇ ಪರದೆಯ ಮೇಲೆ ಕಾಣಬೇಕು, ನಾನು ಕೂತಲ್ಲಿಂದಲೇ ಅದಕ್ಕೆ ಅಪ್ಪಣೆ ಕೊಡಬೇಕು. ಅದಕ್ಕೊಂದು ಮುಕ್ತ ತಂತ್ರಾಂಶ ಇದೆ. ಹಾಕಿಕೊಂಡೆ. ಯಾರು ಬಂದಿದ್ದೀರಿ ಎಂದು ಹಾಜರಿ ಕೇಳಿದರೆ ಕ್ಯಾಮೆರಾ ತನ್ನ ಹೆಸರು ಹೇಳಿತು. ಹಿಗ್ಗಿ ಹೀರೇಕಾಯಿಯಾದೆ. ಸರಿ, ಒಂದು ಫೋಟೊ ತೆಗೆ ಎಂದರೆ ಮಾತ್ರ, ಆಗುವುದಿಲ್ಲ, ಈ ಯಂತ್ರವನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ ಎಂಬ ಉತ್ತರ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಯಾರು ಹಿಡಿದುಕೊಂಡಿದ್ದಾರೆ?

ಆ ತಂತ್ರಾಂಶ ಬಳಸುವವರು ದೇಶದೇಶಗಳಿಂದ ಸೇರಿ ಮಾತಾಡುವ ಒಂದು ಚರ್ಚಾಕಟ್ಟೆ ಇಂಟರ್‌ನೆಟ್ಟಿನಲ್ಲಿದೆ. ಅಲ್ಲಿ ಕೇಳಿದ ಮೇಲೆ ತಿಳಿಯಿತು. ನಮ್ಮ ಮಸ್ಕಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುತ್ತಾರಲ್ಲ, ಅದೇ ಕಥೆ. ವಯರು ಚುಚ್ಚಿದ ಕೂಡಲೇ ಕಡತಗಳನ್ನು ತೋರಿಸುವ ಇನ್ನೊಂದು ತಂತ್ರಾಂಶ ಕ್ಯಾಮೆರಾದ ಮೇಲೆ ಟವೆಲ್ ಹಾಕಿಬಿಡುತ್ತದೆ. ಆಮೇಲೆ ಬಂದದ್ದು ನಿಂತುಕೊಂಡೇ ಇರಬೇಕು. ಮೊದಲಿನದನ್ನು ವಿನಯದಿಂದ ಎಬ್ಬಿಸಿ ಕಳಿಸಿದರೆ ಸೀಟು ಖಾಲಿ. ಎಬ್ಬಿಸಿದೆ. ಒಂದು ಸಾಲು ಬರೆದು ಗುಂಡಿ ಒತ್ತಿದೆ. ಮೇಜಿನ ಮೇಲೆ ತನ್ನಷ್ಟಕ್ಕೆ ಕೂತಿದ್ದ ಕ್ಯಾಮೆರಾ, ಯಾರೂ ಮುಟ್ಟದೆ, "ಟಕ್" ಎಂದಿತು.

ಆ ಟಕ್ ಎಂಬ ಸಪ್ಪಳಕ್ಕೆ ನಾನು ಕುರ್ಚಿ ಬಿಟ್ಟು ಎದ್ದು ಅಡುಗೆಮನೆ ತನಕ ಹೋಗಿ ಬಂದೆ. ಯಾಕೆ ಹೋದೆನೋ ಗೊತ್ತಿಲ್ಲ, ಖುಷಿಯಾದಾಗ ನನ್ನ ಕಾಲು ಅಲ್ಲಿಗೇ ಹೋಗುತ್ತವೆ. ಮೊದಲ ಚಿತ್ರದಲ್ಲಿ ಬಂದದ್ದು ಕುಕ್ಕರಿನ ಹಿಡಿಕೆ. ಅಷ್ಟು ಚೆಂದದ ಹಿಡಿಕೆಯನ್ನು ನಾನು ಈವರೆಗೆ ನೋಡಿಲ್ಲ.

ಈ ಅಮಲಿನಲ್ಲೇ ಬೇಸಿಗೆ ರಜೆಗೆ ಮಸ್ಕಿಗೆ ಹೋದೆ. ಅಲ್ಲಿ ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಮಗ ಬಸಣ್ಣನ ಜೊತೆ ಇರುತ್ತಾಳೆ. ಬಸಣ್ಣನದು ವೆಲ್ಡಿಂಗ್ ಅಂಗಡಿ, ಟ್ರ್ಯಾಕ್ಟರಿನ ಟ್ರೇಲರು ಮಾಡುತ್ತಾನೆ. ಅವನ ಮಗಳು ರೇಣುಕಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹೆಣ್ಣುಕೂಸು. ಬರುವ ಶುಕ್ರವಾರ ತೊಟ್ಟಿಲ ಕಾರ್ಯ ಎಂದು ನಿಶ್ಚಯವಾಗಿತ್ತು. ಮನೆ ತುಂಬ ಬಾಣಂತಿಗೆ ಮಾಡುವ ಅಳವಿ ಪಾಯಸದ ವಾಸನೆ, ಲೋಬಾನದ ಹೊಗೆ. ನಾನು ಹೊಸ್ತಿಲು ದಾಟುತ್ತಿದ್ದಂತೆ ದೊಡ್ಡವ್ವ ಪಡಸಾಲೆಯಿಂದಲೇ "ಗಿರಿಜಾ ಬಂದ್ಲು ನೋಡು, ಚಪ್ಪಲಿ ಎಳಕೋತ ಬರೂದು ಆಕಿ ಒಬ್ಬಾಕೆ" ಎಂದಳು.

ದೊಡ್ಡವ್ವ ಎಂದರೆ ನನಗೆ ಕೌದಿ. ನಮ್ಮ ಬಳಗದಲ್ಲಿ ಯಾವ ಮನೆಯಲ್ಲಿ ಮಲಗಿದರೂ ಮೈಮೇಲೆ ಬರುವುದು ಅವಳ ಕೈಯದೇ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರು ಪದರಾಗಿ ಹರವಿ, ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುವಂತೆ ಹೊಲಿಗೆ ಹಾಕುತ್ತಾಳೆ. ಭತ್ತದ ಸಸಿ ಹಚ್ಚಿದ ಹಾಗೆ ಸಾಲು ನೆಟ್ಟಗೆ. ಸಣ್ಣವರಿದ್ದಾಗ ಬೇಸಿಗೆ ರಜೆಯಲ್ಲಿ ನಾವೆಲ್ಲ ಒಂದೇ ದೊಡ್ಡ ಕೌದಿಯ ಮೇಲೆ ಮಲಗಿ, "ಇದು ನಮ್ಮವ್ವನ ಸೀರಿ, ಇದು ನಿಮ್ಮಪ್ಪನ ಅಂಗಿ" ಎಂದು ತುಂಡುಗಳಿಗೆ ವಾರಸುದಾರರನ್ನು ಹುಡುಕುತ್ತಿದ್ದೆವು. ನನ್ನ ಜಾಗ ಯಾವಾಗಲೂ ಬಸಣ್ಣನ ಖಾಕಿ ಚಡ್ಡಿಯ ತುಂಡಿನ ಮೇಲೆ ಬರುತ್ತಿತ್ತು. ನಾನು ಅದರ ಮೇಲೆ ಮಲಗುವುದಿಲ್ಲ ಎಂದು ಹಟ ಮಾಡಿ ಅಳುತ್ತಿದ್ದೆ. ಆ ಕೌದಿಗಳ ವಾಸನೆ ಈಗಲೂ ಮೂಗಿನಲ್ಲಿದೆ. ಬಿಸಿಲು, ಹಳೆಯ ನೂಲು, ಸ್ವಲ್ಪ ಸಾಸಿವೆ ಒಗ್ಗರಣೆ.

ಕೌದಿಗೆ ಅವಳದೇ ಕಟ್ಟಳೆಗಳಿವೆ. ಮೊದಲ ಸೂಜಿ ಹಾಕಿದವರೇ ಕಡೆಯ ಸೂಜಿಯನ್ನೂ ಹಾಕಬೇಕು, ನಡುವೆ ಇನ್ನೊಬ್ಬರ ಕೈ ಬೀಳಬಾರದು. ಕಡೆಗೆ ಬಾಯಿ ಮುಚ್ಚುವ ಮೊದಲು ಒಳಗೆ ಚೂರು ಹೋಳಿಗೆ ಇಡಬೇಕು. ಕೌದಿಯ ಹೊಟ್ಟೆ ತುಂಬಿದ್ದರೆ ಅದರ ಮೇಲೆ ಮಲಗುವ ಕೂಸಿನ ಹೊಟ್ಟೆಯೂ ತುಂಬಿರುತ್ತದೆ ಎಂದು ನಂಬಿಕೆ.

ರೇಣುಕಾ ಬಸುರಿ ಎಂದು ತಿಳಿದ ದಿನವೇ ದೊಡ್ಡವ್ವ ಕೂಸಿನ ಕೌದಿಗೆ ಸೂಜಿ ಹಾಕಿದ್ದಳು. ಆದರೆ ಅಷ್ಟರಲ್ಲಿ ಅವಳ ಕಣ್ಣು ಕೈಕೊಡುತ್ತಾ ಬಂತು. ನೋಡಿದ್ದರ ನಡುಭಾಗ ಮಾಯವಾಗಿ ಸುತ್ತಲಿನದು ಮಾತ್ರ ಕಾಣುವ ರೋಗ. ಚಷ್ಮದಿಂದ ಸರಿಹೋಗುವಂಥದ್ದಲ್ಲ, ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. "ಗ್ವಾಡಿ ಕಾಣತೈತಿ, ಗ್ವಾಡಿ ಮ್ಯಾಲಿನ ಗಡಿಯಾರ ಕಾಣಂಗಿಲ್ಲ, ಅಷ್ಟs" ಎಂದು ದೊಡ್ಡವ್ವ ಅದನ್ನು ಹಗುರ ಮಾಡಿ ಹೇಳುತ್ತಿದ್ದಳು. ಕೌದಿಯಲ್ಲಿ ಇನ್ನು ಉಳಿದದ್ದು ನಡುವೆ ಅಂಗೈ ಅಗಲ. ಅಲ್ಲಿಗೆ ಬಂದು ಸಾಲು ಸೊಟ್ಟಗಾಗತೊಡಗಿತ್ತು. ಕೈಯಾಡಿಸಿ ನೋಡಿ, ಸೊಟ್ಟಗಿದ್ದದ್ದನ್ನೆಲ್ಲ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿದ್ದಳು.

"ನಾ ಹೊಲೀತೀನಿ ಬಿಡು ಅಜ್ಜಿ, ಇಷ್ಟs ಉಳದೈತಿ" ಎಂದಳು ರೇಣುಕಾ.

"ನೀ ಹೊಲದ್ರ ಅದು ನಿನ್ನ ಕೌದಿ ಆಗತೈತಿ. ನಂದು ಅರ್ಧಾನ ಉಳೀತೈತಿ" ಎಂದಳು ದೊಡ್ಡವ್ವ. ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ, "ಸೊಟ್ಟ ಸಾಲಿನ ಮ್ಯಾಲ ಕೂಸಿನ್ನ ಮಲಗಸಬೇಕೇನಬೇ? ಇದೊಂದ್ ಮುಗಸಿದ್ರ ಸಾಕಾಗಿತ್ತು" ಎಂದಳು.

ಅವಳು ಬೇಡುವ ಹೆಂಗಸಲ್ಲ. ಆ ಮಾತು ಕೇಳಿದ ಮರುಕ್ಷಣ ತಲೆಯಲ್ಲಿ ಟಕ್ ಎಂದಿತು. ಸೂಜಿಯನ್ನು ಕ್ಯಾಮೆರಾ ನೋಡಲಿ, ಲ್ಯಾಪ್‌ಟಾಪು ಅದನ್ನು ಬಸಣ್ಣನ ದೊಡ್ಡ ಟಿವಿಗೆ ದಾಟಿಸಲಿ. ಒಂದು ಹೊಲಿಗೆ ಒನಕೆಯಷ್ಟು ದೊಡ್ಡದಾಗಿ ಕಂಡರೆ, ನಡುಭಾಗ ಮಾಯವಾದರೂ ಅಂಚಿನಿಂದಲಾದರೂ ಅವಳಿಗೆ ಸಾಲು ಸಿಗುತ್ತದೆ. ಮರುದಿನವೇ ಲಿಂಗಸುಗೂರಿನ ನನ್ನ ಮನೆಗೆ ಹೋಗಿ ಸರಂಜಾಮು ಹೊತ್ತು ತಂದೆ.

ಬಸಣ್ಣ ಸುಮ್ಮನಿರುವವನಲ್ಲ. "ಅಷ್ಟ್ಯಾಕ ತಂಗಿ, ಫೋನಿನಾಗ ಆಗತೈತಲ್ಲ" ಎಂದ. ನೋಡೋಣ ಎಂದು ಫೋನನ್ನೇ ಟಿವಿಗೆ ಜೋಡಿಸಿದೆವು. ಸಣ್ಣ ಹೊಲಿಗೆ ದೊಡ್ಡದಾಗಿ ಕಾಣಬೇಕಾದರೆ ಫೋನನ್ನು ಕೌದಿಗೆ ತಾಗುವಷ್ಟು ಹತ್ತಿರ ಹಿಡಿಯಬೇಕಾಯಿತು. ಅದರ ನೆರಳೇ ಅಡ್ಡ ಬಂತು, ದಾರ ಅದಕ್ಕೇ ಸುತ್ತಿಕೊಂಡಿತು, ಅಷ್ಟರಲ್ಲಿ ಯಾರೋ ಟ್ರೇಲರಿನ ಚಾಸಿ ಯಾವಾಗ ಆಗತೈತಿ ಎಂದು ಕೇಳಲು ಫೋನು ಮಾಡಿದರು. ಬಸಣ್ಣ ಫೋನು ಕಿತ್ತುಕೊಂಡು ಅಂಗಳಕ್ಕೆ ಹೋದ. ನಾನು ಒಳಗೊಳಗೇ ಹಿಗ್ಗಿದೆ. ನಿಜ ಹೇಳಬೇಕೆಂದರೆ ಫೋನಿನಲ್ಲಿ ಚೆನ್ನಾಗಿ ಆಗಿಬಿಟ್ಟಿದ್ದರೆ ನನಗೆ ಬೇಸರವಾಗುತ್ತಿತ್ತು.

ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಚಹಾ ಕುಡಿಯಲು ಹೋದೆ. ಬಂದು, ವಯರು ಚುಚ್ಚಿ, ಟವೆಲ್ ಹಾಕಿದ್ದ ತಂತ್ರಾಂಶವನ್ನು ಎಬ್ಬಿಸಿ, ಆಜ್ಞೆ ಕೊಟ್ಟೆ. ಟಿವಿಯಲ್ಲಿ ಚಿತ್ರ ಬಂತು. ಆದರೆ ನಡುವೆ ಕೆಂಪು, ಸುತ್ತ ಮಂಜು. ಬೆಳಕಿನ ಬಣ್ಣ ಬದಲಿಸಿ ನೋಡಿದೆ, ಮಂಜು ನೀಲಿಯಾಯಿತು. ವಯರು ಕಿತ್ತು ಚುಚ್ಚಿದೆ. ಲ್ಯಾಪ್‌ಟಾಪನ್ನು ಮುಚ್ಚಿ ತೆರೆದೆ. ಯಾವುದೂ ಆಗದಿದ್ದಾಗ ಚಿತ್ರದ ಸಮೇತ ಚರ್ಚಾಕಟ್ಟೆಯಲ್ಲಿ ಮೊರೆಯಿಟ್ಟೆ. ಯಾರೋ ಪುಣ್ಯಾತ್ಮರು ತಂತ್ರಾಂಶದ ಯಾವ ಆವೃತ್ತಿ ಎಂದು ಕೇಳಿದರು, ಮತ್ತೊಬ್ಬರು ಕ್ಯಾಮೆರಾದ ಒಳಗಣ್ಣೇ ಸುಟ್ಟಿರಬಹುದು ಎಂದು ಹೆದರಿಸಿದರು. ಮೂರನೆಯವರು ಮಾತ್ರ ಒಂದೇ ಸಾಲು ಬರೆದರು, "ಲೆನ್ಸನ್ನು ಮುಂದಿನಿಂದ ನೋಡಿದಿರಾ?"

ನೋಡಿರಲಿಲ್ಲ. ಈಗ ನೋಡಿದೆ. ಲೆನ್ಸಿನ ಗಾಜಿನ ಮೇಲೆ ಅಡ್ಡಕ್ಕೆ ವಿಭೂತಿ, ನಡುವೆ ಕುಂಕುಮ, ಅಂಚಿನಲ್ಲಿ ಅಂಟಿಕೊಂಡ ಅಕ್ಕಿಕಾಳು.

"ದೊಡ್ಡವ್ವ, ಇದೇನ ಮಾಡಿಬೇ?"

"ಹೊಸಾ ಸಾಮಾನು ಮನಿಗೆ ಬಂದ್ರ ಪೂಜಿ ಮಾಡಲಾರದ ಹೆಂಗ ಚಾಲೂ ಮಾಡ್ತಿ? ಕೈಯಾಡಿಸಿ ನೋಡಿದೆ. ಒಂದ್ ಕಡೆ ಗುಂಡಗ, ನುಣ್ಣಗ ಇತ್ತು. ಹಣಿ ಇದs ಇರಬೇಕು ಅಂತ ಹಚ್ಚಿದೆ."

ಬಸಣ್ಣ ನಕ್ಕು ನಕ್ಕು ಕೆಮ್ಮತೊಡಗಿದ. ನಾನು ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸಿ, ಹಣೆ ಹಿಂದಿನ ಕಡೆ ಇರುತ್ತದೆ ಎಂದು ತೋರಿಸಿಕೊಟ್ಟೆ. ಅವಳು ಅಲ್ಲಿ ಮತ್ತೊಮ್ಮೆ ಶಾಸ್ತ್ರೋಕ್ತವಾಗಿ ಕುಂಕುಮ ಹಚ್ಚಿದಳು. ಚರ್ಚಾಕಟ್ಟೆಯವರಿಗೆ ಏನು ಬರೆಯುವುದು ಎಂದು ಬಹಳ ಯೋಚಿಸಿ, ಕೊನೆಗೆ, ಕ್ಯಾಮೆರಾಕ್ಕೆ ಪೂಜೆಯಾಗಿತ್ತು, ಈಗ ಸರಿಹೋಯಿತು ಎಂದು ಬರೆದೆ. "ಇದನ್ನು ನಮ್ಮ ತಂತ್ರಾಂಶದ ದೋಷವೆಂದು ದಾಖಲಿಸಲಾಗದು, ಆದರೆ ನಮ್ಮ ನಮಸ್ಕಾರ ತಿಳಿಸಿ" ಎಂದು ಉತ್ತರ ಬಂತು. ತಿಳಿಸಿದೆ. "ಭಾಳ ಚಲೋ ಮಂದಿ" ಎಂದಳು ದೊಡ್ಡವ್ವ.

ಮುಂದಿನ ಪ್ರಶ್ನೆ, ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸುವುದು. ಪಡಸಾಲೆಯ ಜಂತಿಗೆ ತೊಟ್ಟಿಲು ಕಟ್ಟುವ ಕೊಂಡಿ ಇತ್ತು. ಅದಕ್ಕೆ ಹಳೆಯ ಸೀರೆ ಕಟ್ಟಿ, ಕ್ಯಾಮೆರಾವನ್ನು ಜೋಳಿಗೆಯಲ್ಲಿ ತೂಗುಬಿಟ್ಟೆವು. ಫ್ಯಾನು ಹಾಕಿದರೆ ಟಿವಿಯಲ್ಲಿ ಕೌದಿ ತುಂಗಭದ್ರೆಯ ತೆಪ್ಪದಂತೆ ತೇಲಾಡಿತು. ಫ್ಯಾನು ಆರಿಸಿದರೆ ಮೇ ತಿಂಗಳ ಮಸ್ಕಿಯಲ್ಲಿ ನಾವೇ ಬೇಯುತ್ತಿದ್ದೆವು. "ನನಗ ತಲಿ ತಿರಗಾಕತ್ತೈತಿ, ತಗೀರಿ ಅದನ್ನ" ಎಂದಳು ದೊಡ್ಡವ್ವ. ಬಸಣ್ಣ ಅಂಗಡಿಗೆ ಹೋಗಿ ಕಬ್ಬಿಣದ ಸ್ಟ್ಯಾಂಡು ಮಾಡಿಕೊಂಡು ಬಂದ. ಮುಂಗೈಯಷ್ಟು ದಪ್ಪದ ಪೈಪು, ಬುಡಕ್ಕೆ ಟ್ರೇಲರಿನ ತಗಡು. ಇಬ್ಬರು ಹೊತ್ತು ಒಳಗೆ ತರಬೇಕಾಯಿತು. ಕ್ಯಾಮೆರಾ ಅಲ್ಲ, ಅದಕ್ಕೆ ಎತ್ತು ಕಟ್ಟಿದರೂ ಅಲುಗಾಡುತ್ತಿರಲಿಲ್ಲ.

"ಮಜಬೂತ್ ಇರಲಿ ಅಂತ" ಎಂದ ಬಸಣ್ಣ.

ಕ್ಯಾಮೆರಾ ನಿಂತಿತು. ದೊಡ್ಡವ್ವ ಗೋಡೆಗೆ ಒರಗಿ, ಕೌದಿಯನ್ನು ಮಣೆಯ ಮೇಲೆ ಹರವಿಕೊಂಡು, ಟಿವಿಯ ಹತ್ತಿರಕ್ಕೆ ಸರಿದು ಕೂತಳು. ಕೌದಿಯ ಮೇಲೆ ಕೈ ಇಟ್ಟಳು. ಟಿವಿ ತುಂಬ ಒಂದು ಕೈ ಬಂತು. ಅವಳು ಬೆಚ್ಚಿದಳು.

"ಇದು ಯಾರ ಕೈ?"

"ನಿಂದs ಬೇ ದೊಡ್ಡವ್ವ."

ಬೆರಳು ಆಡಿಸಿದಳು, ಟಿವಿಯಲ್ಲಿ ಬೆರಳು ಆಡಿದವು. ತಲೆಯನ್ನು ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ ಅದನ್ನು ನೋಡುತ್ತಾ ಕೂತಳು. "ಇಷ್ಟ್ ಸುಕ್ಕಾಗೈತೇನು. ಯಾರೂ ಹೇಳಲಿಲ್ಲ ನನಗ" ಎಂದಳು. ಬೇಸರವೋ ತಮಾಷೆಯೋ ನನಗೆ ಗೊತ್ತಾಗಲಿಲ್ಲ.

ಮೊದಲ ತೊಡಕು ಬಲ ಎಡದ್ದು. ಸ್ಟ್ಯಾಂಡು ಅವಳ ಎದುರುಗಡೆ ನಿಂತದ್ದರಿಂದ ಚಿತ್ರ ತಲೆಕೆಳಗಾಗಿ ಬರುತ್ತಿತ್ತು. ಅವಳು ಸೂಜಿಯನ್ನು ಬಲಕ್ಕೆ ಒಯ್ದರೆ ಟಿವಿಯಲ್ಲಿ ಎಡಕ್ಕೆ ಹೋಗುತ್ತಿತ್ತು. "ಆ ಕೈ ನನ್ನ ಮಾತು ಕೇಳವಲ್ದು, ನಿನ್ನಂಗs ಐತಿ" ಎಂದು ಮಗನನ್ನು ಕುಟುಕಿದಳು. ಆಜ್ಞೆಯ ಸಾಲಿಗೆ ಒಂದು ಪದ ಸೇರಿಸಿ ಚಿತ್ರವನ್ನು ತಿರುಗಿಸಿದೆ. ಕೈ ಮಾತು ಕೇಳಿತು. ನಾನು ಖುಷಿಗೆ ಅಡುಗೆಮನೆಗೆ ಹೋಗಿ ಬಂದೆ.

ಎರಡನೆಯ ತೊಡಕೇ ನಿಜವಾದ ತೊಡಕು. ಅವಳು ಸೂಜಿ ಚುಚ್ಚಿದ ಕೂಡಲೇ ಟಿವಿಯಲ್ಲಿ ಕಾಣುತ್ತಿರಲಿಲ್ಲ. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಬಿಟ್ಟು ಕಾಣುತ್ತಿತ್ತು. ನಮಗೆ ಅದು ಏನೂ ಅಲ್ಲ. ಆದರೆ ಅವಳ ಕೈಗೆ ವೇಗ ಜನ್ಮದ್ದು. ಸೂಜಿ ಎದ್ದು ಮುಂದಿನ ಕಡೆ ಮುಳುಗುವಾಗ ಟಿವಿಯಲ್ಲಿ ಮೊದಲನೆಯದು ಮುಳುಗುತ್ತಿತ್ತು. ಚಿತ್ರಕ್ಕಾಗಿ ಕಾದರೆ ಕೈ ತಡವರಿಸುತ್ತದೆ, ಕಾಯದಿದ್ದರೆ ಸಾಲು ತಪ್ಪುತ್ತದೆ. ಬೆರಳಿಗೆ ಚುಚ್ಚಿಕೊಂಡಳು. ಒಂದು ಸಾಲು ಹಾಕಿ, ಕೈಯಾಡಿಸಿ, ಸುಮ್ಮನೆ ಬಿಚ್ಚಿದಳು. ಮತ್ತೊಂದು ಹಾಕಿ ಅದನ್ನೂ ಬಿಚ್ಚಿದಳು.

"ಕೈ ಮುಂದ ಹೋಗತೈತಿ, ಚಿತ್ರ ಹಿಂದ ಬರತೈತಿ. ಹಿಂಗಾದ್ರ ಹೆಂಗ ಕೂಡತೈತಬೇ" ಎಂದು ಕೌದಿಯನ್ನು ಮಡಚಿದಳು. "ಬಿಡವ್ವ ಗಿರಿಜಾ. ನೀ ಭಾಳ ಮಾಡಿದಿ. ರೇಣುಕಾನs ಮುಗಸಲಿ."

ಆ "ಬಿಡವ್ವ" ನನಗೆ ತಾಳಲಾಗಲಿಲ್ಲ. ತನ್ನ ಕೌದಿ ಮುಗಿಯದ್ದಕ್ಕಿಂತ ಹೆಚ್ಚಾಗಿ, ನನಗೆ ಬೇಸರವಾಗುತ್ತದಲ್ಲ ಎಂದು ಅವಳು ಹೇಳಿದ ಮಾತು ಅದು. ಮರುದಿನ ಗುರುವಾರ, ಅದರ ಮರುದಿನ ತೊಟ್ಟಿಲು. ಒಂದು ಆಸೆ ಹುಟ್ಟಿಸಿ ಕೈಬಿಡುವುದಕ್ಕಿಂತ ಸುಮ್ಮನೆ ಬಂದು ಹೋಳಿಗೆ ತಿಂದು ಹೋಗಿದ್ದರೆ ಚೆನ್ನಾಗಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆದರೆ ಚಟವುಳ್ಳವರಿಗೆ ಬೈಗುಳ ಹತ್ತುವುದಿಲ್ಲ. ಗುರುವಾರ ಬೆಳಿಗ್ಗೆ ಮತ್ತೆ ಲ್ಯಾಪ್‌ಟಾಪು ತೆರೆದು, ವಿಡಿಯೊ ತೋರಿಸುವ ತಂತ್ರಾಂಶದ ಕೈಪಿಡಿ ಓದಲು ಕೂತೆ.

ಓದುತ್ತಾ ಓದುತ್ತಾ ಒಂದು ಸಂಗತಿ ಸಿಕ್ಕಿತು. ಮುಂದೆ ತೊಂದರೆಯಾಗದಿರಲಿ ಎಂದು ಅದು ಬಂದ ಚಿತ್ರಗಳನ್ನು ಕೂಡಲೇ ತೋರಿಸದೆ ಒಂದಿಷ್ಟು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ನಳ ಬಂದಾಗ ನಾವು ಸಿಕ್ಕ ಕೊಡಗಳನ್ನೆಲ್ಲ ತುಂಬಿಟ್ಟುಕೊಳ್ಳುತ್ತೇವಲ್ಲ, ಹಾಗೆ. ಸಿನಿಮಾ ನೋಡುವವರಿಗೆ ಅದು ಒಳ್ಳೆಯದು, ಸೂಜಿ ಹಿಡಿದವರಿಗಲ್ಲ. ಏನೂ ಕೂಡಿಡಬೇಡ, ಬಂದದ್ದನ್ನು ಬಂದ ಹಾಗೆ ಸುರಿದುಬಿಡು ಎಂದು ಹೇಳುವ ಪದವೂ ಕೈಪಿಡಿಯಲ್ಲಿತ್ತು. ಸೇರಿಸಿದೆ. ತಡ ಅರ್ಧದಷ್ಟು ಇಳಿಯಿತು. ನನ್ನ ಕಾಲು ಅಡುಗೆಮನೆಯ ದಾರಿ ಹಿಡಿದಿದ್ದವು, ಇನ್ನೂ ಅರ್ಧ ಇದೆಯಲ್ಲ ಎಂದು ಅಲ್ಲೇ ನಿಲ್ಲಿಸಿದೆ.

ಉಳಿದರ್ಧ ಎಲ್ಲಿದೆ? ಲ್ಯಾಪ್‌ಟಾಪಿನ ಪರದೆಯಲ್ಲಿ ನೋಡಿದರೆ ತಡವೇ ಇಲ್ಲ, ಟಿವಿಯಲ್ಲಿ ಮಾತ್ರ ಇದೆ. ಅಂದರೆ ಟಿವಿಯೇ ಚಿತ್ರವನ್ನು ತಲೆ ಬಾಚಿ, ಪೌಡರು ಹಚ್ಚಿ, ಶೃಂಗಾರ ಮಾಡಿ ಹೊರಗೆ ಕಳಿಸುತ್ತಿದೆ.

"ರೇಣುಕಾ, ಈ ಟಿವ್ಯಾಗ ಅಲಂಕಾರ ಬಂದ್ ಮಾಡೂದು ಎಲ್ಲೈತಿ?"

ಅವಳು ರಿಮೋಟು ತೆಗೆದುಕೊಂಡು ಒತ್ತುತ್ತಾ ಹೋದಳು. ಸಿನಿಮಾ, ಕ್ರೀಡೆ, ಮನೆ, ಗೇಮ್ ಎಂದು ಬಗೆಬಗೆಯ ಆಯ್ಕೆಗಳು. "ಗೇಮ್ ಅಂದ್ರ ಗುಂಡಿ ಒತ್ತಿದ ಕೂಡ್ಲೆ ಕಾಣಬೇಕಲ್ಲ ಅತ್ತಿ, ಅದನ್ನ ಹಾಕೂಣೇನು" ಎಂದಳು. ಹಾಕಿದೆವು. ನಾನು ಕ್ಯಾಮೆರಾದ ಕೆಳಗೆ ಕೈಯಿಟ್ಟು ಚಪ್ಪಾಳೆ ತಟ್ಟಿದೆ. ಸಪ್ಪಳವೂ ಚಿತ್ರವೂ ಒಟ್ಟಿಗೇ ಬಿದ್ದವು. ಇನ್ನೊಮ್ಮೆ ತಟ್ಟಿದೆ. ಒಟ್ಟಿಗೇ. ರೇಣುಕಾ ತಟ್ಟಿದಳು, ಅಂಗಡಿಯಿಂದ ಚಹಾಕ್ಕೆ ಬಂದ ಬಸಣ್ಣ ಯಾಕೆ ಏನು ಎಂದು ಕೇಳದೆ ತಾನೂ ಬಂದು ತಟ್ಟಿದ. ನಮ್ಮ ಚಪ್ಪಾಳೆಗೆ ಕೂಸು ಎದ್ದು ಅಳತೊಡಗಿತು.

ದೊಡ್ಡವ್ವ ಹಿತ್ತಲಿನಿಂದ ಬಂದಳು. "ಏನ್ ಭಜನಿ ನಡಿಸೀರಿ?"

"ಕೈ ಇಟ್ಟು ನೋಡು."

ಮನಸ್ಸಿಲ್ಲದ ಮನಸ್ಸಿನಿಂದ ಕೂತು ಮುಂಗೈ ಚಾಚಿ ಅಲ್ಲಾಡಿಸಿದಳು. ಹಸಿರು ಬಳೆಗಳು ಝಣಝಣ ಎಂದವು. ಅಲ್ಲಾಡಿಸುವುದನ್ನು ನಿಲ್ಲಿಸಿದಳು. ಮತ್ತೆ ಅಲ್ಲಾಡಿಸಿದಳು.

"ಬಳಿ ಸಪ್ಪಳಾನೂ ಬಳಿನೂ ಕೂಡಿ ಬಂದ್ವು" ಎಂದಳು. ಆಮೇಲೆ, ಇಷ್ಟು ಹೊತ್ತು ತಡ ಮಾಡಿದ್ದು ನಾವೇ ಎಂಬಂತೆ, "ಸೂಜಿ ಎಲ್ಲೈತಿ? ಜಲ್ದಿ ಕೊಡ್ರಿ" ಎಂದಳು.

ಅದನ್ನು ನೀವು ನೋಡಬೇಕಿತ್ತು. ಅವಳು ಕೌದಿಯನ್ನು ನೋಡುತ್ತಲೇ ಇರಲಿಲ್ಲ. ಮುಖ ಟಿವಿಯ ಕಡೆ, ಅದೂ ಸ್ವಲ್ಪ ಓರೆಯಾಗಿ, ಕೈ ಮಣೆಯ ಮೇಲೆ. ಟಿವಿಯಲ್ಲಿ ದಬ್ಬಣದಷ್ಟು ದಪ್ಪವಾಗಿ ಕಾಣುವ ಸೂಜಿ ಏಳುತ್ತಿತ್ತು, ಮುಳುಗುತ್ತಿತ್ತು, ಹಗ್ಗದಂತಹ ದಾರ ಅದರ ಹಿಂದೆ ಹರಿದು ಬರುತ್ತಿತ್ತು. ಮೊದಲು ನಿಧಾನ, ಆಮೇಲೆ ಕೈಗೆ ತನ್ನ ಹಳೆಯ ವೇಗ ಬಂತು. ಒಂದು ಸಾಲು ಮುಗಿಸಿ ಕೈಯಾಡಿಸಿದಳು. ಬಿಚ್ಚಲಿಲ್ಲ. ಮುಂದಿನ ಸಾಲಿಗೆ ಹೋದಳು.

ಮಧ್ಯಾಹ್ನ ಕರೆಂಟು ಹೋಗಿ ಟಿವಿ ಆರಿತು. ಸೂಜಿಯನ್ನು ಎಲ್ಲಿತ್ತೋ ಅಲ್ಲೇ ಚುಚ್ಚಿ ಬಿಟ್ಟು, ಎಲೆ ಅಡಿಕೆ ಹಾಕಿಕೊಂಡು, ಕರೆಂಟಿನವರಿಗೆ ಒಂದಿಷ್ಟು ಮಂತ್ರಪುಷ್ಪ ಹೇಳಿದಳು. ಅಷ್ಟು ಚೆಂದ ಬೈಯುವುದನ್ನು ಕೇಳಿ ಬಹಳ ದಿನವಾಗಿತ್ತು ಎಂದು ಬಸಣ್ಣ ನನ್ನ ಕಿವಿಯಲ್ಲಿ ಹೇಳಿದ. ಕರೆಂಟು ಬಂತು, ಕ್ಯಾಮೆರಾ ನಿದ್ದೆ ಹೋಗಿತ್ತು, ಎಬ್ಬಿಸಿದೆ. ಮತ್ತೆ ಶುರು. ಅಂಗೈ ಅಗಲ ಇದ್ದದ್ದು ಬೆರಳಗಲಕ್ಕೆ ಇಳಿಯಿತು.

ಹೊತ್ತು ಇಳಿಯುವ ಮೊದಲೇ ಕೌದಿ ಬಾಯಿ ಮುಚ್ಚುವಲ್ಲಿಗೆ ಬಂತು. ರೇಣುಕಾ ಚೂರು ಹೋಳಿಗೆ ತಂದುಕೊಟ್ಟಳು. ದೊಡ್ಡವ್ವ ಅದನ್ನು ಪದರಿನೊಳಗೆ ಸರಿಸಿ, ಬೆರಳಿನಿಂದ ಒತ್ತಿ, ಕಡೆಯ ಹೊಲಿಗೆ ಹಾಕಿ, ಗಂಟು ಕಟ್ಟಿ, ದಾರವನ್ನು ಹಲ್ಲಿನಿಂದ ಕಡಿದಳು. ನಾನು ಅಡುಗೆಮನೆಗೆ ಹೋಗಿ ಬಂದೆ. ಬಸಣ್ಣ ತಾನು ಮಾಡಿದ ಪೈಪನ್ನು ಕೈಯಿಂದ ಸವರುತ್ತಾ ನಿಂತಿದ್ದ.

"ಕೂಸಿನ್ನ ತಂದು ಇದರ ಮ್ಯಾಲ ಹಾಕ್ರಿ" ಎಂದಳು ದೊಡ್ಡವ್ವ. "ಕೌದಿ ಹೆಂಗ ಕಾಣತೈತಿ, ನೋಡೂಣು."

ರೇಣುಕಾ ಕೂಸನ್ನು ತಂದು ಕೌದಿಯ ನಡುವೆ ಮಲಗಿಸಿದಳು. ಕ್ಯಾಮೆರಾ ಇನ್ನೂ ನಡೆಯುತ್ತಲೇ ಇತ್ತು, ನಾನು ಆರಿಸಿರಲಿಲ್ಲ. ಟಿವಿಯ ತುಂಬ ಕೂಸಿನ ಮುಖ ಬಂತು. ನಾನೂ ಬಸಣ್ಣನೂ ಸಾಲು ಎಷ್ಟು ನೆಟ್ಟಗೆ ಬಂದಿವೆ, ಇಳಕಲ್ ಸೀರೆಯ ಸೆರಗು ಎಲ್ಲಿ ಕೂತಿದೆ ಎಂದು ಮಾತಾಡುತ್ತಿದ್ದೆವು. ರೇಣುಕಾ ನನ್ನ ಮೊಣಕೈ ಜಗ್ಗಿ ದೊಡ್ಡವ್ವನ ಕಡೆ ತೋರಿಸಿದಳು.

ದೊಡ್ಡವ್ವ ಕೌದಿಯನ್ನು ನೋಡುತ್ತಿರಲಿಲ್ಲ. ಸೂಜಿ ಹಿಡಿದ ಕೈ ಎತ್ತಿದಂತೆಯೇ ಇತ್ತು. ತಲೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಓರೆ ಮಾಡುತ್ತಾ, ಟಿವಿಯಲ್ಲಿ ಆ ಮುಖವನ್ನು ಅಂಚಿನಿಂದ ಅಂಚಿಗೆ ಹುಡುಕುತ್ತಿದ್ದಳು. ಆಗ ನನಗೆ ತಿಳಿಯಿತು. ಹುಟ್ಟಿದಾಗಿನಿಂದ ಆ ಕೂಸಿಗೆ ದಿನಾ ನೀರು ಎರೆಯುವವಳು ಅವಳೇ. ಚಾಚಿದ ಕಾಲ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ, ಮೂಗು ತೀಡಿ, ಹಣೆ ಒತ್ತಿ, ಲೋಬಾನ ಹಾಕಿ, ಬಟ್ಟೆಯಲ್ಲಿ ಸುತ್ತಿ ಕೊಡುವವಳು. ಅಷ್ಟು ಸಲೀಸಾಗಿ ಮಾಡುತ್ತಿದ್ದಳೆಂದೇ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಆ ಕೂಸಿನ ಮುಖವನ್ನು ಅವಳು ಈವರೆಗೆ ಒಮ್ಮೆಯೂ ನೋಡಿಲ್ಲವೆಂದು.

ಕೂಸು ಟಿವಿಯ ಅಗಲಕ್ಕೂ ಬಾಯಿ ತೆರೆದು ಆಕಳಿಸಿ, ಕಣ್ಣು ಬಿಟ್ಟಿತು.

"ಇಷ್ಟ್ ದಿನಾ ನಾ ಎರದದ್ದು ಇಕಿಗೇನು" ಎಂದಳು ದೊಡ್ಡವ್ವ.